ಶಾರ್ಕಿನ ಹಲ್ಲು ಕಸದ ಮೊರಕ್ಕೆ ಹೋಗದಿರಲಿ

ಒಂದಕ್ಕೊಂದು ಕೂರಿಸಿ ಆಕಾರ ಕಟ್ಟುವ ಪ್ಲಾಸ್ಟಿಕ್ ಚೂರುಗಳ ಲೆಗೊ ಪೆಟ್ಟಿಗೆ ಮನೆಗೆ ಬಂದ ದಿನ ಮಕ್ಕಳಿಗೆ ಹಬ್ಬ, ಕಸ ಗುಡಿಸುವವರಿಗೆ ಪರೀಕ್ಷೆ. ನಮ್ಮ ಮೊಮ್ಮಗನಿಗೆ ಎಂಟು ತುಂಬಿದಾಗ ಅವನ ಸೋದರಮಾವ ತಂದುಕೊಟ್ಟದ್ದು ಡೆನ್ಮಾರ್ಕಿನ ಆ ಕಂಪನಿಯವರು 2019ರಲ್ಲಿ ಹೊರತಂದ ‘ಡೀಪ್ ಸೀ ಕ್ರೀಚರ್ಸ್’ ಎಂಬ ಆಳಗಡಲ ಜೀವಿಗಳ ಸೆಟ್ಟು. ಅದರಲ್ಲಿರುವುದು 230 ಚೂರುಗಳು. ಅವುಗಳಿಂದಲೇ ಒಮ್ಮೆ ಶಾರ್ಕನ್ನು ಕಟ್ಟಬಹುದು, ಅದನ್ನು ಬಿಚ್ಚಿ ಸ್ಕ್ವಿಡ್, ಎಂದರೆ ನಮ್ಮ ಕರಾವಳಿಯ ಬೊಂಡಾಸನ್ನು ಕಟ್ಟಬಹುದು, ಅದನ್ನೂ ಬಿಚ್ಚಿ ಹಣೆಯ ಮೇಲೆ ದೀಪ ಹೊತ್ತ ಆಂಗ್ಲರ್ ಮೀನನ್ನು ಕಟ್ಟಬಹುದು. ಹೀಗೆ ಪದೇ ಪದೇ ಬಿಚ್ಚಬೇಕಾಗುವುದರಿಂದ ಚೂರು ಕಳೆದುಹೋಗುವ ಸಂದರ್ಭಗಳೂ ಹೆಚ್ಚು. ಒಂದು ಕಣ್ಣು ಕಳೆಯಿತೆಂದರೆ ಸರದಿಯ ಪ್ರಕಾರ ಪ್ರತಿಯೊಂದು ಪ್ರಾಣಿಯೂ ಒಕ್ಕಣ್ಣಾಗುತ್ತದೆ.

ಆದ್ದರಿಂದ ಪೆಟ್ಟಿಗೆ ಒಡೆಯುವ ಮೊದಲೇ ನೆಲಕ್ಕೆ ಹಳೆಯ ಬಿಳಿ ಪಂಚೆಯೊಂದನ್ನು ಹಾಸಿರಿ. ಜಮಖಾನೆ ಬೇಡ, ಅದರ ನೂಲಿನ ಸಂದಿಯಲ್ಲಿ ಅಡಗಿದ ಕಪ್ಪು ಚೂರು ನಡುರಾತ್ರಿ ನೀರು ಕುಡಿಯಲು ಎದ್ದವರ ಅಂಗಾಲಿಗೇ ಸಿಗುತ್ತದೆ. ಬಿಳಿ ಬಟ್ಟೆಯ ಮೇಲೆ ನೀಲಿ, ಕಪ್ಪು, ಬೂದು ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಬಿಳಿಯ ಹಲ್ಲುಗಳನ್ನು ಮಾತ್ರ ಬೇರೆ ಸ್ಟೀಲ್ ಬಟ್ಟಲಿಗೆ ಹಾಕಿಡಬೇಕು. ಆಟ ಮುಗಿದಾಗ ಪಂಚೆಯ ನಾಲ್ಕು ಮೂಲೆಗಳನ್ನು ಒಟ್ಟಿಗೆ ಎತ್ತಿ ಗಂಟು ಕಟ್ಟಿದರೆ ಅರ್ಧ ಕಟ್ಟಿದ ಶಾರ್ಕೂ ಹಾಗೆಯೇ ಉಳಿದಿರುತ್ತದೆ, ಊಟಕ್ಕೆ ಕರೆದಾಗ ಮಗು ಹಟ ಮಾಡುವುದೂ ಕಡಿಮೆಯಾಗುತ್ತದೆ. ತೀರಾ ಸಣ್ಣ ಚೂರುಗಳನ್ನು ಕಂಪನಿಯವರು ಸಾಮಾನ್ಯವಾಗಿ ಒಂದೊಂದು ಹೆಚ್ಚಿಗೆ ಹಾಕಿರುತ್ತಾರೆ. ಅವನ್ನು ಮೊದಲ ದಿನವೇ ಆರಿಸಿ ಕುಂಕುಮದ ಭರಣಿಯಂಥ ಪುಟ್ಟ ಡಬ್ಬಿಯಲ್ಲಿ ದೇವರ ಕೋಣೆಯ ಗೂಡಿನಲ್ಲಿಟ್ಟಿದ್ದೇನೆ. ಅದು ನನ್ನ ಆಪದ್ಧನ.

ಕಳೆದ ಚೂರನ್ನು ಹುಡುಕುವಾಗ ದೊಡ್ಡ ದೀಪ ಹಾಕಿ ಬಗ್ಗಿ ನೋಡುವುದರಿಂದ ಸೊಂಟ ನೋಯುವುದೇ ಹೊರತು ಹೆಚ್ಚು ಪ್ರಯೋಜನವಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ ಎಷ್ಟು ಸಣ್ಣ ಚೂರಾದರೂ ಉದ್ದದ ನೆರಳು ಚಾಚಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಅದರಿಂದಲೂ ಸಿಗದಿದ್ದರೆ ಗುಡಿಸಿದ ಕಸವನ್ನು ಎಸೆಯುವ ಮೊದಲು ಗೋಧಿ ಜರಡಿಗೆ ಹಾಕಿರಿ. ಮೇಲೆ ಒಂದೇ ಗುಬುಟು, ಎಂದರೆ ದುಂಡನೆಯ ಉಬ್ಬು, ಇರುವ ಚೂರು ಕೂಡ ಸುಮಾರು 8 ಮಿಲಿಮೀಟರ್ ಅಗಲವಿರುವುದರಿಂದ ಧೂಳು ಮತ್ತು ಬಿಸ್ಕತ್ತಿನ ಪುಡಿ ಕೆಳಗಿಳಿದು ಚೂರು ಮೇಲೆ ನಿಲ್ಲುತ್ತದೆ.

ಚೂರುಗಳನ್ನು ಹಲ್ಲಿನಿಂದ ಕಚ್ಚಿ ಬಿಡಿಸುವ ಅಭ್ಯಾಸವನ್ನು ಮೊದಲ ದಿನವೇ ತಪ್ಪಿಸಬೇಕು. ಅದರಿಂದ ಚೂರಿನ ಅಂಚೂ ಹಾಳು, ಮಗುವಿನ ಹಲ್ಲೂ ಹಾಳು. ಚಾಕು ಕೊಡುವ ಮಾತೇ ಬೇಡ. ಇದಕ್ಕೆಂದೇ ಬ್ರಿಕ್ ಸೆಪರೇಟರ್ ಎಂಬ ಪುಟ್ಟ ಸಾಧನ ಸಿಗುತ್ತದೆ, ಅದರ ತುದಿಯನ್ನು ಗುಬುಟಿಗೆ ಕೂರಿಸಿ ಹಿಡಿಯನ್ನು ಒತ್ತಿದರೆ ಎಂಥ ಬಿಗಿಯಾದ ಚಪ್ಪಟೆ ಚೂರೂ ಎದ್ದು ಬರುತ್ತದೆ.

ಇನ್ನು ತೊಳೆಯುವ ವಿಷಯ, ಇದರಲ್ಲಿ ನಾನೇ ಪೆಟ್ಟು ತಿಂದವಳು. ಸಮುದ್ರದ ಪ್ರಾಣಿಯೆಂದ ಮೇಲೆ ಅದು ಬಚ್ಚಲಿನ ಬಕೆಟ್ಟಿಗೆ ಇಳಿಯದೆ ಇರುವುದಿಲ್ಲ. ನೆಗಡಿಯಾಗಿದ್ದ ಹುಡುಗ ಆಡಿದ್ದಾನೆಂದು, ಹಾಲಿನ ಬಾಟಲಿ ಕುದಿಸಿ ರೂಢಿಯಿದ್ದ ಕೈಯಿಂದ ಒಮ್ಮೆ ಕುದಿನೀರನ್ನೇ ಸುರಿದುಬಿಟ್ಟೆ. ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಇದ್ದವು; ಆದರೆ ಬಾಲದ ಎರಡು ತೆಳು ಚೂರುಗಳು ಮುಂದೆ ಎಂದೂ ಬಿಗಿಯಾಗಿ ಕೂರಲಿಲ್ಲ, ಈಜಲು ಎತ್ತಿದಾಗಲೆಲ್ಲ ಶಾರ್ಕಿನ ಬಾಲ ಕಳಚಿ ಬೀಳುತ್ತಿತ್ತು. ಈ ಚೂರುಗಳನ್ನು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ, ಅವು ಒಂದನ್ನೊಂದು ಹಿಡಿದುಕೊಳ್ಳುವುದು ಕೂದಲೆಳೆಗಿಂತ ಸಣ್ಣ ಅಳತೆಯ ಲೆಕ್ಕದಲ್ಲಿ. ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂದು ಕಂಪನಿಯೇ ಹೇಳುತ್ತದೆ, ಅಂದರೆ ಎಳೆಗೂಸಿನ ಸ್ನಾನಕ್ಕೆ ಮೊಣಕೈ ಅದ್ದಿ ನೋಡುವ ಉಗುರುಬೆಚ್ಚಗಿನ ನೀರು. ಸ್ವಲ್ಪ ಪಾತ್ರೆಯ ಸಾಬೂನು ಸಾಕು, ವಾಷಿಂಗ್ ಮೆಷಿನ್ ಬೇಡ. ಟೊಮೇಟೊ ತರುವ ಬಲೆಚೀಲದಲ್ಲಿ ಚೂರುಗಳನ್ನು ಹಾಕಿ ಬಾಯಿ ಕಟ್ಟಿ ಅದ್ದಿ ಅಲುಗಾಡಿಸಿದರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಪ್ರಾಣಿಯನ್ನು ಕಟ್ಟಿದಂತೆಯೇ ಒಣಗಲು ಇಡಬಾರದು, ಹೊಟ್ಟೆಯೊಳಗೆ ನಿಂತ ನೀರು ಮೂರು ದಿನವಾದರೂ ಆರದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಪೂರ್ತಿ ಬಿಚ್ಚಿ, ಟವೆಲಿನ ಮೇಲೆ ಗುಬುಟು ಕೆಳಗಾಗುವಂತೆ ಹರಡಿ, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿರಿ. ಹಪ್ಪಳದ ಜೊತೆ ಬಿಸಿಲಿಗಿಟ್ಟರೆ ಬೇಗ ಒಣಗುವುದೇನೋ ನಿಜ, ಆದರೆ ಬಿಸಿಲು ತಿಂದ ಬಿಳಿ ಚೂರು ಕ್ರಮೇಣ ಹಳದಿಗೆ ತಿರುಗುತ್ತದೆ.

ನಮ್ಮ ಉಡುಪಿಯ ಮಳೆಗಾಲದಲ್ಲಿ ಚೂರುಗಳಿಗೇನೂ ಆಗುವುದಿಲ್ಲ, ಕೆಡುವುದು ರಟ್ಟಿನ ಪೆಟ್ಟಿಗೆ ಮತ್ತು ಕಟ್ಟುವ ಕ್ರಮ ತೋರಿಸುವ ಪುಸ್ತಕ. ಪುಸ್ತಕವನ್ನು ರೇಷ್ಮೆ ಸೀರೆಯ ಕಪಾಟಿನಲ್ಲಿ ಇಡಿ. ಅದು ಹರಿದರೂ ಚಿಂತೆಯಿಲ್ಲ, ಸೆಟ್ಟಿನ ಸಂಖ್ಯೆಯಾದ 31088 ಹಾಕಿದರೆ ಕಂಪನಿಯ ಜಾಲತಾಣದಲ್ಲಿ ಅದೇ ಪುಸ್ತಕ ಹಣವಿಲ್ಲದೆ ಸಿಗುತ್ತದೆ.

ಮನೆಯಲ್ಲಿ ಮೂರು ವರ್ಷಕ್ಕಿಂತ ಚಿಕ್ಕ ಮಗುವಿದ್ದರೆ ದೊಡ್ಡವನು ಆಡುವುದು ಬಾಗಿಲು ಹಾಕಿದ ಕೋಣೆಯಲ್ಲಿ ಅಥವಾ ಎತ್ತರದ ಮೇಜಿನ ಮೇಲೆ ಮಾತ್ರ. 2018ರಲ್ಲಿ ಆರು ಮಂದಿ ಮಕ್ಕಳ ವೈದ್ಯರು ಲೆಗೊ ಗೊಂಬೆಯ ತಲೆಯನ್ನು ತಾವೇ ನುಂಗಿ ಅದು ಹೊರಬರುವ ಕಾಲವನ್ನು ಲೆಕ್ಕ ಹಾಕಿದ್ದರು, ಸರಾಸರಿ 1.7 ದಿನ ಬೇಕಾಯಿತು, ಒಬ್ಬರದು ಮಾತ್ರ ಸಿಗಲೇ ಇಲ್ಲ. ಅದು ದೊಡ್ಡವರ ಹೊಟ್ಟೆಯ ಕಥೆ. ಮಗು ನುಂಗಿದರೆ ಅಥವಾ ಮೂಗಿಗೆ ತುರುಕಿಕೊಂಡರೆ ಬಾಳೆಹಣ್ಣು ತಿನ್ನಿಸುತ್ತಾ, ಪಿನ್ನಿನಿಂದ ಕೆದಕುತ್ತಾ ಕೂರದೆ ವೈದ್ಯರ ಬಳಿಗೆ ಹೋಗಿರಿ. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಒಂದು ನಿಮಿಷವೂ ತಡ ಬೇಡ. ಕಡಿಮೆ ಬೆಲೆಯ ಬೇರೆ ಸೆಟ್ಟು ಕೊಳ್ಳುವವರು ಐಎಸ್‌ಐ ಗುರುತು ನೋಡಿಕೊಳ್ಳಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಅದು ಕಡ್ಡಾಯ. ಬಟನ್ ಬ್ಯಾಟರಿಯ ದೀಪವಿದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ತಿರುಗಿಸಿ ನೋಡಿರಿ.

ಆಟದ ಜೊತೆಗೆ ಕಲಿಸುವುದಕ್ಕೆ ಮಲ್ಪೆಯ ಮೀನು ಸಾಕು. ಮನೆಗೆ ಬೊಂಡಾಸ್ ತಂದ ದಿನ ಹುಡುಗನನ್ನು ಅಡುಗೆಮನೆಗೆ ಕರೆದು ಕೈಗಳನ್ನು ಎಣಿಸಲು ಹೇಳಿದೆ; ಗಿಡ್ಡವು ಎಂಟು, ಉದ್ದನೆಯವು ಎರಡು ಎಂದು ತಾನೇ ಕಂಡುಕೊಂಡ. ಶಾರ್ಕಿನ ಬಾಲ ಅಡ್ಡಕ್ಕೆ ಬೀಸುತ್ತದೆ, ತಿಮಿಂಗಿಲದ್ದು ಮೇಲೆ ಕೆಳಗೆ ಬಡಿಯುತ್ತದೆ ಎಂದು ಹೇಳಿಕೊಟ್ಟ ಮೇಲೆ ಅದೇ ನೀಲಿ ಚೂರುಗಳ ಬಾಲವನ್ನು ಅಡ್ಡ ಮಲಗಿಸಿ ತಿಮಿಂಗಿಲವನ್ನೂ ಮಾಡಿದ್ದಾನೆ.

ಕೊನೆಯದಾಗಿ, ಚೂರು ಜಾರಿ ಕಡಲು ಸೇರದಂತೆ ಬಚ್ಚಲಿನ ತೂಬಿಗೆ ಜಾಲರಿ ಹಾಕಿಸಿರಿ. 1997ರ ಫೆಬ್ರವರಿ 13ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಾಚೆ ‘ಟೋಕಿಯೋ ಎಕ್ಸ್‌ಪ್ರೆಸ್’ ಹಡಗಿಗೆ ದೊಡ್ಡ ಅಲೆ ಬಡಿದು 62 ಕಂಟೇನರುಗಳು ನೀರಿಗೆ ಬಿದ್ದವು. ಅವುಗಳಲ್ಲೊಂದರಲ್ಲಿ ಸುಮಾರು 48 ಲಕ್ಷ ಲೆಗೊ ಚೂರುಗಳಿದ್ದವು, ಅದರಲ್ಲಿ ಬಹಳಷ್ಟು ಆಕ್ಟೋಪಸ್, ಈಜುಗಾರರ ಕಾಲರೆಕ್ಕೆಗಳಂಥ ಸಮುದ್ರದ ಸೆಟ್ಟುಗಳವೇ. ಇಂದಿಗೂ ಅವು ಅಲ್ಲಿನ ಮರಳಿನಲ್ಲಿ ಸಿಗುತ್ತಿವೆ. ಇಂಥ ಲೆಗೊ ಚೂರೊಂದು ಕಡಲಿನಲ್ಲಿ ನೂರರಿಂದ 1,300 ವರ್ಷ ಉಳಿಯಬಹುದು ಎಂದು ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಅಂದಾಜು ಮಾಡಿದ್ದಾರೆ. ಜಾಲರಿಯನ್ನು ವಾರಕ್ಕೊಮ್ಮೆ ಎತ್ತಿ ತೊಳೆಯುತ್ತೇನೆ. ಕಳೆದ ಶನಿವಾರ ತಲೆಗೂದಲು, ಶೀಗೆಪುಡಿಯ ನಡುವೆ ಶಾರ್ಕಿನ ಒಂದು ಹಲ್ಲು ಸಿಕ್ಕಿತು. ತೊಳೆದು ಬಟ್ಟಲಿಗೆ ಹಾಕಿದ್ದೇನೆ.