ಸಂಪಿನಲ್ಲಿರುವುದು ಯಾವ ನೀರು? ಬೆಂಗಳೂರಿನ ಮನೆಗೆ ಫಿಲ್ಟರ್ ಕೊಳ್ಳುವ ಮುನ್ನ

ಬೆಂಗಳೂರಿನಲ್ಲಿ ನಲ್ಲಿ ನೀರು ಅಂದರೆ ಒಂದೇ ನೀರಲ್ಲ. ದಿನ ಬಿಟ್ಟು ದಿನ ಬರುವ ಕಾವೇರಿ, ಮನೆಯ ಬೋರು, ಬೇಸಿಗೆಯಲ್ಲಿ ತರಿಸಿದ ಟ್ಯಾಂಕರ್, ಮೂರೂ ಎಷ್ಟೋ ಮನೆಗಳಲ್ಲಿ ಒಂದೇ ಸಂಪಿಗೆ ಬೀಳುತ್ತವೆ. ಯಾವ ಫಿಲ್ಟರ್ ಒಳ್ಳೆಯದು ಎಂದು ಅಂಗಡಿಯಲ್ಲಿ ಕೇಳುವುದು ಆಮೇಲಿನ ಮಾತು. ಮೊದಲು ಸಂಪಿನಲ್ಲಿ ಏನಿದೆ ಎಂದು ನೋಡಿಕೊಳ್ಳಿ.

ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗಿ, ಕ್ಲೋರಿನ್ ಬೆರೆತು, ಸುಮಾರು 100 ಕಿ.ಮೀ. ದೂರ ಪಂಪಾಗಿ ಬರುತ್ತದೆ. ಅದರಲ್ಲಿ ಲವಣ ಕಡಿಮೆ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ ಮಿ.ಗ್ರಾಂ. ಲೆಕ್ಕದಲ್ಲಿ) ಸಾಮಾನ್ಯವಾಗಿ 500ರ ಕೆಳಗೇ ಇರುತ್ತದೆ. ಕೆಡುವುದು ದಾರಿಯಲ್ಲಿ. ಸರಬರಾಜು ನಿಂತಾಗ ಪೈಪಿನ ಒತ್ತಡ ಇಳಿಯುತ್ತದೆ; ಜಾಯಿಂಟ್ ಸೋರುತ್ತಿದ್ದರೆ ಪಕ್ಕದ ಚರಂಡಿಯ ಕೊಳೆ ಒಳಕ್ಕೆ ನುಗ್ಗುತ್ತದೆ. ಹಾಗಾಗಿ ನೀರು ಬಿಟ್ಟ ಮೊದಲ ಐದು ನಿಮಿಷದ್ದನ್ನು ಸಂಪಿಗೆ ಬಿಡದೆ ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ.

ಪರೀಕ್ಷೆಗೆ ಮೂರು ಸಾಮಾನು ಸಾಕು: ಟಿಡಿಎಸ್ ಮೀಟರ್, ಕ್ಲೋರಿನ್ ನೋಡುವ ಒಟಿಒ ದ್ರಾವಣ, ರೋಗಾಣು ಸೂಚಿಸುವ ಎಚ್‌2ಎಸ್ ಬಾಟಲಿ. ಮೂರು ಕಡೆ ನೋಡಿ: ಬೀದಿಯ ಪೈಪು ಮನೆಗೆ ಬರುವಲ್ಲಿ, ಸಂಪಿನಲ್ಲಿ, ಅಡುಗೆಮನೆ ನಲ್ಲಿಯಲ್ಲಿ. ಒಟಿಒ ಹನಿಸಿದಾಗ ನೀರು ಹಳದಿಯಾದರೆ ಕ್ಲೋರಿನ್ ಇದೆ. ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಇರಬೇಕು. (ಹನಿಸಿದ ನೀರನ್ನು ಚೆಲ್ಲಿ, ಕುಡಿಯಬೇಡಿ.) ಎಚ್‌2ಎಸ್ ಬಾಟಲಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಕಪ್ಪಾದರೆ ನೀರಿಗೆ ಮಲದ ಸೋಂಕು ತಗಲಿರುವ ಅನುಮಾನ ಬಲವಾಗುತ್ತದೆ. ಬೀದಿಯಲ್ಲಿ ಹಳದಿ ಬಂದು ಅಡುಗೆಮನೆಯಲ್ಲಿ ಬಣ್ಣವೇ ಬರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ನಿಮ್ಮದೇ ಸಂಪು, ಟ್ಯಾಂಕುಗಳನ್ನು. ಆಗ ಮೊದಲ ಖರ್ಚು ಮಷೀನಿಗಲ್ಲ, ಟ್ಯಾಂಕ್ ತೊಳೆಸುವುದಕ್ಕೆ.

ಆರು ತಿಂಗಳಿಗೊಮ್ಮೆ ತೊಳೆಸಿ. ಕೆಸರು ತೆಗೆದು, ಗೋಡೆ ಉಜ್ಜಿ, ನೀರು ತುಂಬಿಸಿ, 1000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ. ನೇರವಾಗಿ ಸುರಿಯಬೇಡಿ; ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಎಲ್ಲ ನಲ್ಲಿಗಳನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ. ತೆರೆದಿಟ್ಟ ಹಳೆಯ ಪೊಟ್ಟಣದ ಪುಡಿಗೆ ಶಕ್ತಿ ಇರುವುದಿಲ್ಲ. ಬ್ಲೀಚಿಂಗ್ ಜೊತೆ ಆಸಿಡ್ ಸೇರಿದರೆ ವಿಷಾನಿಲ ಬರುತ್ತದೆ, ಮುಚ್ಚಿದ ಸಂಪಿನಲ್ಲಿ ಗಾಳಿಯೂ ಸಾಲದು. ಯಾರನ್ನೂ ಒಂಟಿಯಾಗಿ ಇಳಿಸಬೇಡಿ.

ಈಗ ಮಷೀನಿನ ಮಾತು. ಭಾರತೀಯ ಮಾನಕ ಐಎಸ್ 10500ರಲ್ಲಿ ಟಿಡಿಎಸ್‌ಗೆ 500 ಅಪೇಕ್ಷಿತ ಮಿತಿ. ಬೇರೆ ನೀರೇ ಸಿಗದಿದ್ದರೆ 2000ದವರೆಗೂ ಒಪ್ಪಿಗೆಯಿದೆ. ಸಂಪಿನಲ್ಲಿ ವರ್ಷವಿಡೀ ಕಾವೇರಿಯೇ ಇದ್ದರೆ ಆರ್‌ಒ (ಮೆಂಬ್ರೇನ್ ಎಂಬ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಯಂತ್ರ) ಬೇಡ. ಒಂದು ನಿಮಿಷ ತಳಮಳನೆ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿದರೆ ಸಾಕು. ಲೋಟ ಅದ್ದಿದರೆ ಕುದಿಸಿದ್ದೆಲ್ಲ ವ್ಯರ್ಥ, ನಲ್ಲಿ ಇರುವ ಡ್ರಮ್ಮಿಗೆ ಬಗ್ಗಿಸಿಕೊಳ್ಳಿ. ಕುದಿಸಲು ಪುರುಸೊತ್ತಿಲ್ಲದಿದ್ದರೆ ಯುಎಫ್ (ಕೊಳೆ, ರೋಗಾಣು ಸೋಸುವ ಸೂಕ್ಷ್ಮ ಜರಡಿ) ಜೊತೆ ಯುವಿ (ರೋಗಾಣು ಕೊಲ್ಲುವ ಅತಿನೇರಳೆ ದೀಪ) ಇರುವ ಯಂತ್ರ ತನ್ನಿ. ಯುವಿಗೆ ತಿಳಿನೀರೇ ಬೇಕು. ಕದಡಿದ ನೀರಿನಲ್ಲಿ ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿದುಬಿಡುತ್ತದೆ. ದೀಪ ಉರಿಯುತ್ತಲೇ ಇದ್ದರೂ ಅದರ ಯುವಿ ಶಕ್ತಿ ಕುಗ್ಗುತ್ತಾ ಬರುತ್ತದೆ, ಆದ್ದರಿಂದ ಅವಧಿ ನೋಡಿ ಬದಲಿಸಿ.

ಬೋರು, ಟ್ಯಾಂಕರ್ ಮನೆಗಳ ಲೆಕ್ಕ ಬೇರೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ ಎಂದರೆ ಗಡಸುತನ. ಅದು ಕಿರಿಕಿರಿ, ರೋಗವಲ್ಲ. ಭಯಪಡಬೇಕಾದದ್ದು ರುಚಿಗೂ ಟಿಡಿಎಸ್ ಮೀಟರಿಗೂ ಪ್ರತ್ಯೇಕವಾಗಿ ಗೊತ್ತಾಗದ ನೈಟ್ರೇಟ್ ಮತ್ತು ಫ್ಲೋರೈಡಿಗೆ. ಕುದಿಸಿದರೆ ಅವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತವೆ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಒಮ್ಮೆ ಮಳೆ ಮುಗಿದ ಮೇಲೆ, ಒಮ್ಮೆ ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿಸಿ. ಲೀಟರಿಗೆ ನೈಟ್ರೇಟ್ 45 ಮಿ.ಗ್ರಾಂ. ಅಥವಾ ಫ್ಲೋರೈಡ್ 1.5 ಮಿ.ಗ್ರಾಂ. ದಾಟಿದರೆ, ಟಿಡಿಎಸ್ ಎಷ್ಟೇ ಇರಲಿ, ಕುಡಿಯಲು ಅಡುಗೆಗೆ ಆರ್‌ಒ ಬೇಕು.

ಇಲ್ಲೊಂದು ಮೋಸವಿದೆ. ನೀರು ಸಪ್ಪೆ ಎಂದು ದೂರಿದರೆ ಮೆಕ್ಯಾನಿಕ್ 'ಟಿಡಿಎಸ್ ಕಂಟ್ರೋಲರ್' ತಿರುಗಿಸಿಕೊಡುತ್ತಾನೆ. ಹೆಚ್ಚಿನ ಯಂತ್ರಗಳಲ್ಲಿ ಅದು ಮೆಂಬ್ರೇನ್ ದಾಟದ ನೀರನ್ನೇ ಶುದ್ಧ ನೀರಿಗೆ ಬೆರೆಸುವ ವಾಲ್ವ್. ನೈಟ್ರೇಟ್ ಕಾರಣಕ್ಕೆ ಆರ್‌ಒ ತಂದವರು ಆ ವಾಲ್ವ್ ಪೂರ್ತಿ ಮುಚ್ಚಿಸಿ.

ತಿಂಗಳಿಗೊಮ್ಮೆ ಒಳಬರುವ, ಹೊರಬರುವ ಟಿಡಿಎಸ್ ಬರೆದಿಡಿ. 900 ಒಳಹೋದರೆ 50ರಿಂದ 90 ಬರಬೇಕು. 150 ದಾಟಿದರೆ ಮೆಂಬ್ರೇನ್ ಸವೆದಿದೆ, ಇಲ್ಲವೆ ಆ ವಾಲ್ವ್ ತೆರೆದಿದೆ. ಮೆಂಬ್ರೇನ್ ಬೇಗ ಹಾಳಾಗಲು ಒಂದು ಕಾರಣ ಕಾರ್ಬನ್ ಫಿಲ್ಟರನ್ನು ಸಕಾಲಕ್ಕೆ ಬದಲಿಸದಿರುವುದು: ಅದು ಸೋತರೆ ಕ್ಲೋರಿನ್ ನೇರವಾಗಿ ಮೆಂಬ್ರೇನಿಗೆ ತಾಗಿ ಅದನ್ನು ತಿನ್ನುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ತ್ಯಾಜ್ಯ ಹೊರಬೀಳುವ ಯಂತ್ರದಲ್ಲಿ, 600 ಟಿಡಿಎಸ್ ನೀರಿನ ತ್ಯಾಜ್ಯ ಸುಮಾರು 790 ಆಗಿರುತ್ತದೆ. ಟಾಯ್ಲೆಟ್ಟಿಗೆ, ನೆಲಕ್ಕೆ ಸರಿ. ಕುಂಡದ ಗಿಡಕ್ಕೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರುತ್ತದೆ.

ಫಿಲ್ಟರ್ ಕ್ಲೋರಿನ್ ತೆಗೆದ ಮೇಲೆ ಅದರ ಟ್ಯಾಂಕಿನ ನೀರಿಗೆ ಕಾವಲಿಲ್ಲ. ವಾರ ಊರಿಗೆ ಹೋಗಿ ಬಂದರೆ ಆ ನೀರನ್ನು ಪೂರ್ತಿ ಖಾಲಿ ಮಾಡಿ, ಮತ್ತೊಮ್ಮೆ ತುಂಬಿಸಿ ಚೆಲ್ಲಿ, ಮೂರನೆಯ ಸಲ ತುಂಬಿದ್ದನ್ನು ಕುಡಿಯಿರಿ.