ಶೇರಿಂಗ್ ಬೋಟಿನಲ್ಲಿ ನೇತ್ರಾಣಿಗೆ: ಗಾಳ ಮೊದಲೋ, ಸ್ನಾರ್ಕೆಲ್ ಮೊದಲೋ?

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಶೇರಿಂಗ್ ಬೋಟಿನಲ್ಲಿ ದುಡ್ಡಿನ ವಿಷಯಕ್ಕೆ ಜಗಳ ಬರುವುದು ಕಡಿಮೆ. ಬಂದರೆ ಹೊತ್ತಿನ ವಿಷಯಕ್ಕೇ. ಗಾಳ ಹಾಕುವವರಿಗೆ ಬೆಳಕು ಹರಿಯುವ ಸಮಯ ಬೇಕು. ಸ್ನಾರ್ಕೆಲ್‌ನವರಿಗೆ, ಅಂದರೆ ಮಾಸ್ಕು, ಉಸಿರಿನ ಕೊಳವೆ ಹಾಕಿಕೊಂಡು ನೀರಿಗಿಳಿದು ಮೀನು ನೋಡುವವರಿಗೆ, ಬಿಸಿಲು ಏರಿರಬೇಕು. ನೀರು ಸ್ವಲ್ಪ ಓಡುತ್ತಿದ್ದರೆ ಗಾಳಕ್ಕೆ ಮೀನು ಕಚ್ಚುತ್ತದೆ. ಸ್ನಾರ್ಕೆಲ್‌ನವರಿಗೆ ನೀರು ನಿಂತ ಹಾಗಿರಬೇಕು. ಇಬ್ಬರೂ ಒಂದೇ ಬೋಟಿಗೆ ದುಡ್ಡು ಕೊಟ್ಟಿರುತ್ತಾರೆ.

ನಾನು ಶಿರಸಿಯಲ್ಲಿ ಶಾಲೆಯ ಅಕ್ಕೋರು. ತವರು ಕುಮಟಾ ಕಡೆ, ಮೀನಿಲ್ಲದೆ ಊಟ ಇಳಿಯದ ಮನೆ. ನನಗೆ ಗಾಳ ಇಷ್ಟ, ನಮ್ಮ ಯಜಮಾನರಿಗೆ ನೀರು ಇಷ್ಟ. ಅಂದರೆ ಈ ಜಗಳ ನಮ್ಮ ಮನೆಯೊಳಗೇ ಇದೆ. ಸೀಸನ್ನಿನಲ್ಲಿ ರಜೆ ಸಿಕ್ಕಾಗ ದೇವಿಮನೆ ಘಟ್ಟ ಇಳಿದು ಹೋಗಿ ಬಂದು, ಈಗ ಒಂದು ಹದಕ್ಕೆ ಬಂದಿದ್ದೇವೆ.

ಮೊದಲ ಕೆಲಸ ದಿನ ಆರಿಸುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮಳೆಗಾಲ ಮುಗಿಯುವ ತನಕ ನೇತ್ರಾಣಿಯ ಮಾತೇ ಬೇಡ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೋಟು ಹೊರಟರೂ ಹೊಳೆಗಳು ತಂದು ಸುರಿದ ಕೆಸರು ನೀರು ಪೂರ್ತಿ ತಿಳಿಯಾಗಿರುವುದಿಲ್ಲ. ನಮಗೆ ಸರಿ ಬಂದದ್ದು ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ. ಶಿವರಾತ್ರಿ ದಿನಗಳಲ್ಲಂತೂ ಮುರುಡೇಶ್ವರದಲ್ಲಿ ರೂಮು ಸಿಗುವುದೇ ಕಷ್ಟ, ಆ ಕಡೆ ತಲೆ ಹಾಕಬೇಡಿ.

ಆ ತಿಂಗಳುಗಳಲ್ಲೂ ನಾನು ಕ್ಯಾಲೆಂಡರಿನಲ್ಲಿ ಅಷ್ಟಮಿ ಹುಡುಕುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಇಳಿತ ಜೋರಾಗಿರುತ್ತದೆ. ಆಗ ದ್ವೀಪದ ಬುಡದಲ್ಲಿ ನೀರಿನ ಓಟವೂ ಜಾಸ್ತಿ, ಹೊಸಬರು ಈಜಿದರೂ ಮುಂದೆ ಹೋಗುವುದಿಲ್ಲ. ಅಷ್ಟಮಿಯಿಂದ ದಶಮಿಯೊಳಗೆ ನೀರು ಸೋಮಾರಿಯಾಗುತ್ತದೆ. ಗಾಳಕ್ಕೆ ಇದು ಅಷ್ಟೇನೂ ಒಳ್ಳೆಯದಲ್ಲ, ಗೊತ್ತಿದೆ. ಆದರೆ ಒಂದೇ ಬೋಟಿನಲ್ಲಿ ಎರಡೂ ಆಗಬೇಕಾದರೆ ಮೀನಿಗಿಂತ ಜೀವ ದೊಡ್ಡದು, ಅಲ್ವಾ? ಜೊತೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಕಡಲಿನ ಮುನ್ಸೂಚನೆ ನೋಡುತ್ತೇನೆ. ಅಲೆ ಒಂದು ಮೀಟರಿಗಿಂತ ಎತ್ತರ ಅಂತ ಇದ್ದರೆ ಇಡ್ಲಿ ತಿಂದು, ದೇವಸ್ಥಾನಕ್ಕೆ ಹೋಗಿ, ವಾಪಸ್ ಬರುವುದು. ಇದು ನನ್ನ ಲೆಕ್ಕ. ಬೋಟು ನಡೆಸುವ ತಾಂಡೇಲರು ಇನ್ನೂ ಧೈರ್ಯವಂತರು.

ಬುಕ್ ಮಾಡುವ ಮೊದಲು ಫೋನಿನಲ್ಲಿ ರೇಟು ಕೇಳುವುದಕ್ಕಿಂತ ಮುಂಚೆ ನಾನು ಕೇಳುವುದು, ಬೋಟಿನಲ್ಲಿ ಇನ್ಯಾರು ಬರುತ್ತಾರೆ ಅಂತ. ಮಕ್ಕಳಿರುವ ಕುಟುಂಬವಾ, ಕಾಲೇಜು ಹುಡುಗರಾ, ಸಿಲಿಂಡರ್ ಕಟ್ಟಿ ಡೈವ್ ಮಾಡುವವರಾ? ಡೈವಿನವರಿದ್ದರೆ ಅವರ ಟೈಮೇ ಟೈಮು, ಗಾಳದ ಆಸೆ ಬಿಡಬೇಕು. ಆಮೇಲೆ ಕೇಳುವುದು, ಗಾಳಕ್ಕೆ ಎಷ್ಟು ಹೊತ್ತು, ನೀರಿಗೆ ಎಷ್ಟು ಹೊತ್ತು, ಸಿಕ್ಕ ಮೀನು ಯಾರಿಗೆ ಅಂತ. ಇದೆಲ್ಲ ದಡದಲ್ಲೇ ತೀರ್ಮಾನವಾಗಬೇಕು. ಬೋಟು ಹತ್ತಿದ ಮೇಲೆ ಎಲ್ಲರೂ ಸಜ್ಜನರೇ, ಆದರೆ ಹೊಟ್ಟೆ ತೊಳಸಿದಾಗ ಸಜ್ಜನಿಕೆ ಉಳಿಯುವುದಿಲ್ಲ.

ಅದೇ ದೊಡ್ಡ ವಿಷಯ. ಬೋಟು ಓಡುತ್ತಿರುವಾಗ ವಾಂತಿ ಕಡಿಮೆ. ಲಂಗರು ಹಾಕಿ ನಿಂತಾಗಲೇ ಶುರು. ನಿಂತ ಬೋಟು ತೆರೆಗೆ ಅಡ್ಡಡ್ಡ ತೂಗುತ್ತದೆ, ಡೀಸೆಲ್ ವಾಸನೆ, ಅದರ ಮೇಲೆ ಬೇಟಿಗೆ, ಅಂದರೆ ಗಾಳಕ್ಕೆ ಸಿಕ್ಕಿಸಲು, ತಂದ ಸಿಗಡಿಯ ವಾಸನೆ. ಗಾಳ ಹಾಕುವವರಿಗೆ ಕೈಯಲ್ಲಿ ಕೆಲಸ ಇರುತ್ತದೆ, ತಡೆದುಕೊಳ್ಳುತ್ತಾರೆ. ಸುಮ್ನೆ ಕೂತ ಸ್ನಾರ್ಕೆಲ್‌ನವರೇ ಮೊದಲು ಮಲಗುವುದು. ಹಿಂದಿನ ಸಲ ಹುಬ್ಬಳ್ಳಿಯ ಒಂದು ಕುಟುಂಬ ಜೊತೆಗಿತ್ತು. ಆ ಮನೆಯ ಯಜಮಾನರು ಹೊರಡುವಾಗ, "ಮೀನ ಹಿಡಿಯೂದು ನೋಡೂಣ್ರೀ, ನಮಗೇನ್ ಅವಸರ ಇಲ್ಲ" ಅಂದಿದ್ದರು. ಅರ್ಧ ಗಂಟೆಗೆ, "ತಾಂಡೇಲಣ್ಣಾ, ಗಾಡಿ ಚಾಲೂ ಮಾಡ್ರಿ" ಅಂದರು.

ಅದಕ್ಕೇ ನಮ್ಮ ಈಗಿನ ಪದ್ಧತಿ ಹೀಗಿದೆ. ಬೋಟಿನಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಲಂಗರು ಹಾಕಿ ಗಾಳ ಹಾಕುವುದು ಬೇಡ. ಹೋಗುತ್ತ ಬರುತ್ತ ಬೋಟಿನ ಹಿಂದೆ ದಾರ ಬಿಟ್ಟುಕೊಂಡು ಹೋಗುವುದು ಸಾಕು. ಮೀನು ಕಡಿಮೆ ಸಿಗುತ್ತದೆ, ಜಗಳವೂ ಕಡಿಮೆ. ಗಟ್ಟಿಗರೇ ಇದ್ದರೆ ಬೆಳಗಿನ ಒಂದು ಗಂಟೆ ಗಾಳಕ್ಕೆ. ಗಡಿಯಾರ ನೋಡಿ ಒಂದು ಗಂಟೆ. ಆಮೇಲೆ ಎಂಥ ಮೀನು ಕಚ್ಚುತ್ತಿದ್ದರೂ ದಾರ ಎತ್ತಬೇಕು.

ವಾಂತಿಯ ಮಾತ್ರೆ ಬೋಟು ಹತ್ತಿದ ಮೇಲೆ ನುಂಗಿದರೆ ಉಪಯೋಗವಿಲ್ಲ. ಅರ್ಧ ಮುಕ್ಕಾಲು ಗಂಟೆ ಮೊದಲೇ ಹೊಟ್ಟೆಗೆ ಹೋಗಬೇಕು. ಅದು ನಿದ್ದೆ ತರುತ್ತದೆ, ಬೇರೆ ಔಷಧಿ ತಿನ್ನುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯೂ ಬೇಡ, ಬನ್ಸು ಭಾಜಿಯೂ ಬೇಡ. ನಾನು ಮೊಸರವಲಕ್ಕಿ ತಿಂದು ಹೊರಡುತ್ತೇನೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಬಹಳ ಬೋಟುಗಳಲ್ಲಿ ಶೌಚಾಲಯ ಇರುವುದಿಲ್ಲ. ಹೆಂಗಸರು ಅದಕ್ಕೆ ಹೆದರಿ ನೀರೇ ಕುಡಿಯದೆ ಬರುತ್ತಾರೆ. ಹತ್ತು ಗಂಟೆಯ ಬಿಸಿಲಿಗೆ ತಲೆನೋವು, ಮೇಲೆ ವಾಂತಿ. ನೀರು ಕುಡಿಯಿರಿ. ಸಮುದ್ರಕ್ಕೆ ಇಳಿದ ಮೇಲೆ ಆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ದಡದಿಂದ ದ್ವೀಪ ಸುಮಾರು 19 ಕಿಲೋಮೀಟರ್. ಗಾಳ ಹಾಕುವ ಜಾಗ ಅದಕ್ಕಿಂತ ಎಷ್ಟೋ ಈಚೆ. ನಮ್ಮ ತಾಂಡೇಲರ ಬೋಟಿನಲ್ಲಿ ಜಿಪಿಎಸ್ ಇದೆ, ಆದರೆ ಅವರು ಅದನ್ನು ನೋಡುವುದು ಕಡಿಮೆ. ಹಿಂದೆ ತಿರುಗಿ ದಡ ನೋಡುತ್ತಾರೆ. ಮುರುಡೇಶ್ವರ ದೇವಸ್ಥಾನದ 20 ಅಂತಸ್ತಿನ ರಾಜಗೋಪುರದ ತುದಿ ಹಿಂದಿನ ಗುಡ್ಡಸಾಲಿನ ಒಂದು ತಗ್ಗಿಗೆ ಸರಿಯಾಗಿ ಕೂರಬೇಕು, ಅದು ಒಂದು ಗೆರೆ. ಉತ್ತರಕ್ಕೆ ಇನ್ನೊಂದು ಗುಡ್ಡದ ಮೂಗು ಅದರ ಹಿಂದಿನ ಗುಡ್ಡಕ್ಕೆ ತಾಗಬೇಕು, ಅದು ಎರಡನೆಯ ಗೆರೆ. ಎರಡೂ ಸೇರುವಲ್ಲಿ ನೀರಿನಡಿ ಕಲ್ಲಿದೆ. ಮರಳಿನ ಬಯಲಿನಲ್ಲಿ ಅಂಥ ಕಲ್ಲಿನ ಸುತ್ತಲೇ ಮೀನು. ಗೋಪುರ ಕಟ್ಟುವ ಮೊದಲು ಯಾವ ಗುರುತು ಹಿಡಿಯುತ್ತಿದ್ದಿರಿ ಅಂತ ಕೇಳಿದೆ. "ಆಗ ಗುಡ್ಡಕ್ಕೆ ಗುಡ್ಡವೇ, ಅಕ್ಕೋರೆ" ಅಂದರು.

ನಮ್ಮದು ಕೈಗಾಳ. ರಾಡು ಇಲ್ಲ. ಮರದ ಚೌಕಟ್ಟಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಮೇಲೆ ಗೇಣು ಅಂತರದಲ್ಲಿ ಎರಡು ಗಾಳ. ಬೇಟಿಗೆ ಸಿಗಡಿ ಅಥವಾ ಬೊಂಡಾಸಿನ (ಸ್ಕ್ವಿಡ್) ಪಟ್ಟಿ. ಸಿಗಡಿಗೆ ಮೀನು ಬೇಗ ಬರುತ್ತದೆ, ಆದರೆ ಸಣ್ಣ ಮೀನುಗಳು ಕುಟುಕಿ ಕುಟುಕಿ ಗಾಳ ಖಾಲಿ ಮಾಡುತ್ತವೆ. ಬೊಂಡಾಸ್ ಗಟ್ಟಿ, ಬಿಟ್ಟುಹೋಗುವುದಿಲ್ಲ. ನಾನು ಬೊಂಡಾಸಿನ ಪಕ್ಷ.

ದಾರ ಬಿಡುತ್ತ ಹೋದರೆ 10–12 ಮಾರಿಗೆ ಗುಂಡು ನೆಲ ಮುಟ್ಟುತ್ತದೆ. ಮುಟ್ಟಿದ ಕೂಡಲೇ ದಾರ ಸಡಿಲಾಗುವುದು ಕೈಗೆ ತಿಳಿಯುತ್ತದೆ. ಅಲ್ಲಿಂದ ಒಂದು ಮೊಳ ಮೇಲೆತ್ತಿ ಹಿಡಿಯಬೇಕು. ನೆಲದಲ್ಲೇ ಬಿಟ್ಟರೆ ಗುಂಡು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ದಾರ ಕತ್ತರಿಸುವುದೇ ಗತಿ. ಹೊಸಬರು ದಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾರೆ. "ಬೆರಳ ಮೇಲೆ ಇಟ್ಕೊಳ್ಳಿ, ಅಕ್ಕೋರೆ. ಮೀನು ಬಂದ್ರೆ ಅದೇ ಹೇಳ್ತದೆ" ಅನ್ನುವುದು ತಾಂಡೇಲರ ಪಾಠ. ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ದಾರ ಹಾಯಿಸಿ ಕೂತರೆ ಎಲ್ಲ ಗೊತ್ತಾಗುತ್ತದೆ. ಚಿಟಿ ಚಿಟಿ ಅಂದರೆ ಸಣ್ಣ ಮೀನು, ಬಿಟ್ಟುಬಿಡಿ. ಟಕ್ ಅಂತ ಒಂದು ಸಲ ಬಡಿದು, ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಭಾರ ಬಂದರೆ ಅದು ಕೆಂಬೇರಿಯೋ ಮುರುವೋ ಇರಬೇಕು. ಭಾರ ಬಂದಾಗ ಒಂದು ಜಗ್ಗು, ಮತ್ತೆ ನಿಲ್ಲಿಸದೆ ಒಂದೇ ಸಮ ಎಳೆಯುವುದು. ಮುರುವಿಗೆ ಅರ್ಧ ನಿಮಿಷ ಕೊಟ್ಟರೆ ಕಲ್ಲಿನ ಬಿಲ ಸೇರುತ್ತದೆ, ಅಲ್ಲಿಂದ ಎಳೆಯಲು ಸಾಧ್ಯವೇ ಇಲ್ಲ. ದಾರವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ದೊಡ್ಡ ಮೀನು ಓಡಿದರೆ ನೈಲಾನ್ ಕೈಯನ್ನೇ ಕೊಯ್ಯುತ್ತದೆ.

ಮೇಲೆ ಬಂದ ಮೀನನ್ನು ನಾವಾಗಿ ಬಿಡಿಸಬಾರದು, ತಾಂಡೇಲರಿಗೇ ಕೊಡಬೇಕು. ಮೀಸೆಯ ಮುಳ್ಳುಮೀನು ಬಂದರೆ ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳಿನಲ್ಲಿ ನಂಜಿದೆ. ಚುಚ್ಚಿದರೆ ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿಡುವುದು ಮೊದಲ ಉಪಚಾರ, ನೋವು ಇಳಿಯುತ್ತದೆ. ಅದಕ್ಕೇ ನಮ್ಮ ಚೀಲದಲ್ಲಿ ಒಂದು ಫ್ಲಾಸ್ಕ್ ಬಿಸಿ ನೀರು ಇದ್ದೇ ಇರುತ್ತದೆ. ಚಹಾಕ್ಕೂ ಆಯಿತು. ಹೊಟ್ಟೆ ಉಬ್ಬಿಸಿಕೊಂಡು ಬರುವ ಮೀನನ್ನು ವಾಪಸ್ ನೀರಿಗೆ ಬಿಡುವುದು, ಅದು ವಿಷ.

ದ್ವೀಪದ ಹತ್ತಿರ ಹೋದ ಮೇಲೆ ಗಾಳ ಒಳಗೆ. ಇದರಲ್ಲಿ ನಾನು ಹಟಮಾರಿ. ಜನ ಈಜುವಲ್ಲಿ ಗಾಳ ಹಾಕುವುದು ಅಪಾಯ, ಸಿಕ್ಕಿಕೊಂಡು ಹರಿದ ದಾರ ಹವಳಕ್ಕೆ ಸುತ್ತಿಕೊಂಡು ವರ್ಷಗಟ್ಟಲೆ ಇರುತ್ತದೆ. ಲಂಗರನ್ನೂ ಹವಳದ ಮೇಲೆ ಬಿಡಬಾರದು. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಷ್ಟೇ ರಕ್ಷಣೆ ಇದೆ. ಒಂದು ಚೂರು ಮುರಿದು ತಂದರೂ ಅಪರಾಧ. ದ್ವೀಪದ ಮೇಲೆ ಹತ್ತುವ ಯೋಚನೆಯೂ ಬೇಡ. ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಕೆಳಗಿನಿಂದಲೇ ಬಿಳಿ ಹೊಟ್ಟೆಯ ಕಡಲಹದ್ದು ಕಾಣುತ್ತದೆ, ಅದೃಷ್ಟವಿದ್ದರೆ ಕಡಿದಾದ ಬಂಡೆಯ ಮೇಲೆ ಆಡುಗಳೂ.

ನೀರಿಗಿಳಿಯಲು ಒಳ್ಳೆಯ ಹೊತ್ತು ಒಂಬತ್ತೂವರೆಯಿಂದ ಹನ್ನೊಂದೂವರೆ. ಅದಕ್ಕಿಂತ ಮೊದಲು ಬಿಸಿಲು ಓರೆಯಾಗಿ ಬಿದ್ದು ಒಳಗೆ ಕತ್ತಲೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದು ಮೇಲೆಲ್ಲ ಕಿರುತೆರೆ. ಮಾಸ್ಕನ್ನು ಬೋಟಿನಲ್ಲೇ ಪರೀಕ್ಷೆ ಮಾಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದು ಕೈ ಬಿಟ್ಟರೆ ಅದು ಬೀಳದೆ ಅಂಟಿಕೊಂಡಿರಬೇಕು. ನಮ್ಮ ಯಜಮಾನರಿಗೆ ಯಾವ ಮಾಸ್ಕೂ ಕೂರುತ್ತಿರಲಿಲ್ಲ, ಮೀಸೆಯ ಸಂದಿಯಿಂದ ನೀರು. ಬೋಳಿಸಿ ಅಂದರೆ ಕೇಳುವ ಜನ ಅಲ್ಲ. ಈಗ ಮೀಸೆಗೆ ದಪ್ಪಗೆ ವ್ಯಾಸಲೀನ್ ಬಳಿದುಕೊಳ್ಳುತ್ತಾರೆ, ಕೆಲಸ ಮಾಡುತ್ತದೆ. ಗಾಜು ಮಂಜಾಗದಿರಲು ಎಲ್ಲರಿಗೂ ಗೊತ್ತಿರುವ ಉಪಾಯ: ಒಳಗೆ ಉಗುಳಿ, ಉಜ್ಜಿ, ತೊಳೆಯುವುದು.

ದುಪಟ್ಟ, ಹತ್ತಿಯ ಚೂಡಿದಾರ ನೀರಿನಲ್ಲಿ ಭಾರವಾಗಿ ಕಾಲಿಗೆ ಸುತ್ತುತ್ತವೆ. ಮೈಗಂಟುವ ತುಂಬುತೋಳಿನ ಟೀಶರ್ಟು, ಲೆಗ್ಗಿಂಗ್ಸ್ ಹಾಕಿಕೊಳ್ಳಿ. ಕೆಳಗೆ ನೋಡುತ್ತ ತೇಲುವಾಗ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ. ಈಜು ಬಂದರೂ ಲೈಫ್ ಜಾಕೆಟ್ ಬೇಕು.

ನೇತ್ರಾಣಿಯ ಬಂಡೆಗಳು ಕಡಿದಾಗಿ ಆಳಕ್ಕೆ ಇಳಿಯುತ್ತವೆ. ಎಲ್ಲಿ ಬೇಕಾದಲ್ಲಿ ಇಳಿದರೆ ಬರೀ ನೀಲಿ ನೀರು ನೋಡಿ ಬರಬೇಕು. ಗಾಳಿ ಮರೆಯಾಗುವ ಬದಿಯಲ್ಲಿ, ಬಂಡೆ ಮೇಲಕ್ಕೆ ಬಂದಿರುವಲ್ಲಿ ಬಿಡಿ ಅಂತ ತಾಂಡೇಲರಿಗೆ ಮೊದಲೇ ಹೇಳಬೇಕು. ಅಲ್ಲಿ ಅಲುಗಾಡದೆ ತೇಲಿದರೆ ಸಾಕು. ಕಾಲು ಬಡಿದಷ್ಟೂ ಮೀನು ದೂರ. ಹಳದಿ ಚಿಟ್ಟೆಮೀನುಗಳು ಜೋಡಿಯಾಗಿ ಬರುತ್ತವೆ. ಗಿಳಿಮೀನು ಹವಳದ ಬಂಡೆಯನ್ನು ಕೆರೆದು ತಿನ್ನುವ ಕರಕರ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಗಿಳಿಮೀನು ಬಂಡೆಗೆ ಬಾಯಿ ಹಾಕಿ, ಪಕ್ಕಕ್ಕೆ ಹೊರಳಿ, ಹಿಂದಿನಿಂದ ಬಿಳಿ ಪುಡಿಯ ಮೋಡ ಬಿಟ್ಟು ಮುಂದೆ ಹೋಯಿತು. ಅದು ತಿಂದ ಹವಳ, ಮರಳಾಗಿ ಹೊರಬಂದದ್ದು. ಗಾಳದ ಹುಚ್ಚಿನ ನಾನು ದಾರ ಎತ್ತಲು ಒಪ್ಪಿಕೊಂಡದ್ದು ಇಂಥದ್ದನ್ನು ನೋಡಿದ ಮೇಲೆಯೇ.

ವಾಪಸ್ ಬರುವಾಗ ಹಿಂದೆ ಎರಡು ದಾರ ಬಿಡುತ್ತೇವೆ. ಆಸೆ ಇಸ್ವಾಣದ್ದು, ಅಂದರೆ ಅಂಜಲ್ ಮೀನಿನದ್ದು. ಅದರ ಹಲ್ಲು ನೈಲಾನನ್ನು ಕತ್ತರಿಸುತ್ತದೆ, ಅದಕ್ಕೆ ಗಾಳದ ಹತ್ತಿರ ತಂತಿ ಕಟ್ಟಿರಬೇಕು. ಸಿಗುವುದು ಅಪರೂಪ. ಸಿಕ್ಕ ದಿನ ಬೋಟಿನಲ್ಲಿ ಎಲ್ಲರಿಗೂ ವಾಂತಿ ಮರೆತುಹೋಗುತ್ತದೆ.

ದಡಕ್ಕೆ ಬಂದ ಮೇಲೆ ಪಾಲು. ಮೊದಲು ತಾಂಡೇಲರದ್ದು ಬದಿಗಿಟ್ಟು, ಉಳಿದದ್ದನ್ನು ಸಮನಾಗಿ ರಾಶಿ ಹಾಕುತ್ತಾರೆ. ಒಬ್ಬರು ಬೆನ್ನು ಹಾಕಿ ನಿಲ್ಲಬೇಕು. ಇನ್ನೊಬ್ಬರು ಒಂದು ರಾಶಿ ಮುಟ್ಟಿ "ಇದು ಯಾರಿಗೆ?" ಅನ್ನುತ್ತಾರೆ. ಬೆನ್ನು ಹಾಕಿದವರು ಹೇಳಿದ ಹೆಸರಿಗೆ ಆ ರಾಶಿ. ತಕರಾರು ಇಲ್ಲ. ಸ್ನಾರ್ಕೆಲ್‌ಗೆ ಮಾತ್ರ ಬಂದವರಿಗೂ ಪಾಲಿದೆ, ಡೀಸೆಲ್ಲಿಗೆ ಅವರೂ ಕೊಟ್ಟಿದ್ದಾರಲ್ಲ.

ಘಟ್ಟ ಹತ್ತಿಸುವ ಮೀನನ್ನು ದಡದಲ್ಲೇ ಹೊಟ್ಟೆ ಸೀಳಿ ತೊಳೆದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಐಸು ಒಂದು ಪದರ ಮೀನು ಇಟ್ಟು ಟೇಪು ಸುತ್ತಿ. ಬಸ್ಸಿನಲ್ಲಿ ಹೋಗುವವರು ಎರಡು ಸುತ್ತು ಜಾಸ್ತಿಯೇ ಸುತ್ತಿ. ದೇವಿಮನೆಯ ತಿರುವಿನಲ್ಲಿ ಐಸಿನ ನೀರು ಸೋರಿ ಹಿಂದಿನ ಸೀಟಿನವರ ಚಪ್ಪಲಿಗೆ ಹೋದರೆ, ಶಿರಸಿ ಬರುವವರೆಗೆ ಅವರ ಮಾತು ಕೇಳಬೇಕಾಗುತ್ತದೆ.