ಸ್ಲೋ ಕುಕ್ಕರ್‌ನಲ್ಲಿ ಬೀಫ್ ಕ್ಯಾಸರೋಲ್: ನೀರು ಕಡಿಮೆ, ಹೊತ್ತು ಹೆಚ್ಚು

ಸ್ಲೋ ಕುಕ್ಕರ್‌ನ ಕ್ಯಾಸರೋಲ್ (ಮಾಂಸ, ತರಕಾರಿ ಒಟ್ಟಿಗೆ ನಿಧಾನವಾಗಿ ಬೇಯಿಸುವ ಗ್ರೇವಿ ಅಡುಗೆ) ನೀರುನೀರಾಗಿ ಕೆಡುವುದು ಹೆಚ್ಚಾಗಿ ಒಲೆಯ ಲೆಕ್ಕದಲ್ಲಿ ನೀರು ಹಾಕುವುದರಿಂದ. ಗಂಟೆಗಟ್ಟಲೆ ಮೆಲುಬಿಸಿಯಲ್ಲಿ ಬೇಯಿಸುವ ಈ ವಿದ್ಯುತ್ ಪಾತ್ರೆಯಲ್ಲಿ ನೀರು ಬತ್ತುವುದು ತೀರಾ ಕಡಿಮೆ. ಮೇಲೇರಿದ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ, ಮಾಂಸವೂ ಈರುಳ್ಳಿಯೂ ತಮ್ಮ ನೀರು ಬಿಡುತ್ತವೆ. 1 ಕೆಜಿ ಮಾಂಸಕ್ಕೆ ನಾನು ಹಾಕುವುದು 200 ಮಿಲಿ ಸ್ಟೌಟ್ (ಕಪ್ಪು ಬಿಯರ್), 250 ಮಿಲಿ ಬೀಫ್ ಸ್ಟಾಕ್ (ಮಾಂಸ, ಎಲುಬು ಕುದಿಸಿದ ಸಾರು), ಅಷ್ಟೇ. ಮೇಲಿನ ತುಂಡುಗಳು ಮುಳುಗಿರುವುದಿಲ್ಲ. ಮುಳುಗಬೇಕಾಗಿಯೂ ಇಲ್ಲ.

ಮಾಂಸ ಶಿನ್ (ಮೊಣಕಾಲಿನ ಕೆಳಗಿನದು) ಆಗಲಿ, ಇಲ್ಲವೇ ಭುಜದ ಚಕ್. ಬ್ರಿಟನ್ನಿನ ಅಂಗಡಿಗಳಲ್ಲಿ ಬ್ರೇಸಿಂಗ್ ಸ್ಟೇಕ್ ಎಂದು ಸಿಗುವುದು ಸಾಮಾನ್ಯವಾಗಿ ಈ ಎರಡನೆಯದೇ. ಬಿಳಿ ನಾರು ಕಾಣುವ ತುಂಡನ್ನೇ ಆರಿಸಿ. ಆ ನಾರಿನ ಕೊಲ್ಯಾಜೆನ್ ಎಂಬ ಪ್ರೋಟೀನ್ ಗಂಟೆಗಟ್ಟಲೆ ಬಿಸಿಯಲ್ಲಿ ಅಂಟಂಟಾದ ಜೆಲಟಿನ್ ಆಗಿ ಕರಗಿದಾಗಲೇ ಗ್ರೇವಿ ತುಟಿಗೆ ಅಂಟುವ ಹದಕ್ಕೆ ಬರುತ್ತದೆ. ಕೊಬ್ಬು, ನಾರು ಇಲ್ಲದ ದುಬಾರಿ ತುಂಡು ಇಲ್ಲಿ ಮರದ ಪುಡಿಯಂತೆ ಒಣಗುತ್ತದೆ. 4 ಸೆಂ.ಮೀ.ಗಿಂತ ಸಣ್ಣದಾಗಿ ಕತ್ತರಿಸಬೇಡಿ.

ಸ್ಲೋ ಕುಕ್ಕರ್ ಬೇಯಿಸಬಲ್ಲದು, ಕಂದಾಗಿಸಲಾರದು. ಆ ಕೆಲಸ ಬಾಣಲೆಯದ್ದು. ತುಂಡುಗಳನ್ನು ಒರೆಸಿ ಒಣಗಿಸಿ, ಉಪ್ಪು, ಕಾಳುಮೆಣಸಿನ ಪುಡಿ, 2 ಚಮಚ ಮೈದಾ ಸವರಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಮೂರು ಸರದಿಯಾಗಿ ಹುರಿಯಿರಿ. ಒತ್ತೊತ್ತಾಗಿ ಇಟ್ಟರೆ ಚುರ್ ಸದ್ದು ನಿಂತು, ಮಾಂಸ ಬಿಟ್ಟ ನೀರಲ್ಲೇ ಬೆಂದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಕಿದ ತುಂಡು ಮೊದಲು ತಳಕ್ಕೆ ಕಚ್ಚಿಕೊಳ್ಳುತ್ತದೆ, ಎಳೆಯಬೇಡಿ. ಹೊರಪದರ ಕಂದಾಗುತ್ತಿದ್ದಂತೆ ತಾನೇ ಬಿಟ್ಟುಕೊಡುತ್ತದೆ, ಆಗ ಮಗುಚಿ. ಎಲ್ಲ ತೆಗೆದ ಮೇಲೆ ಅದೇ ಬಾಣಲೆಯಲ್ಲಿ 2 ಈರುಳ್ಳಿ, 1 ಚಮಚ ಟೊಮ್ಯಾಟೊ ಪೇಸ್ಟ್ ಬಾಡಿಸಿ, ಸ್ಟೌಟ್ ಸುರಿದು ತಳದ ಕಂದು ಕೆರೆದು 3 ನಿಮಿಷ ಕುದಿಸಿ. ಕುದಿಸದೆ ಹಾಗೇ ಹಾಕಿದರೆ ಹಸಿ ಬಿಯರಿನ ಘಾಟು ಕೊನೆಯವರೆಗೂ ಉಳಿಯುತ್ತದೆ.

ಕ್ಯಾರೆಟ್ ಮತ್ತು ಆಲೂಗಡ್ಡೆ ತಳದಲ್ಲಿ, ಪಾತ್ರೆಯ ಅಂಚಿಗೆ. ಈ ಮೆಲುಬಿಸಿಯಲ್ಲಿ ಗೆಡ್ಡೆಗಳು ಮಾಂಸಕ್ಕಿಂತ ನಿಧಾನ. ಮೇಲೆ ಮಾಂಸ, ಥೈಮ್ ಎಂಬ ಪರಿಮಳದ ಸೊಪ್ಪು, 2 ಬೇ ಎಲೆ, 1 ಚಮಚ ವೂಸ್ಟರ್ ಸಾಸ್ (ಹುಳಿ-ಉಪ್ಪಿನ ಕಂದು ಸಾಸ್), ಬಿಸಿ ಸ್ಟಾಕ್. ನಮ್ಮ ಪಲಾವ್ ಎಲೆ ಬೇರೆಯೇ ಗಿಡದ್ದು, ಚಕ್ಕೆಯ ವಾಸನೆ ತರುತ್ತದೆ, ಇಲ್ಲಿಗೆ ಹೊಂದದು. ಫ್ರೀಜರಿನ ಮಾಂಸವನ್ನು ಪೂರ್ತಿ ಕರಗಿಸದೆ ಹಾಕಲೇಬಾರದು, ಮಡಕೆ ಬಿಸಿಯೇರುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ರಾಜ್ಮಾ ಸೇರಿಸುವುದಿದ್ದರೆ ನೆನೆಸಿ, ಬೇರೆ ನೀರಿನಲ್ಲಿ 10 ನಿಮಿಷ ಚೆನ್ನಾಗಿ ಕುದಿಸಿಯೇ ಹಾಕಿ. ಅದರ ವಿಷಾಂಶ ಮೆಲುಬಿಸಿಗೆ ಸಾಯುವುದಿಲ್ಲ.

ಲೋ ಇಟ್ಟರೆ 8 ಗಂಟೆ, ಶಿನ್ ಆದರೆ 9. ಹೈನಲ್ಲಿ 5. ಪ್ರೆಷರ್ ಕುಕ್ಕರ್ ಕೈಗೆ ಇದರ ತಾಳ್ಮೆ ಕಷ್ಟ, ಆದರೆ ಪ್ರತಿಸಲ ಮುಚ್ಚಳ ತೆಗೆದಾಗ ಕಳೆದ ಬಿಸಿ ಮರಳಲು 20 ನಿಮಿಷವಾದರೂ ಬೇಕು. ಆರನೇ ಗಂಟೆಗೆ ತುಂಡು ರಬ್ಬರಿನಂತಿದ್ದರೆ ಹೆಚ್ಚು ಬೆಂದಿದೆ ಅಂದುಕೊಳ್ಳಬೇಡಿ, ಇನ್ನೂ ಬೆಂದಿಲ್ಲ. ಚಮಚದ ಬೆನ್ನಿಗೆ ಎಳೆ ಬಿಟ್ಟುಕೊಡುವವರೆಗೆ ಬಿಡಿ.

ಗ್ರೇವಿ ತೆಳುವಾಗಿದ್ದರೆ ಕಾರ್ನ್‌ಫ್ಲೋರ್‌ಗಿಂತ ನನಗೆ ಒಪ್ಪುವುದು ಎರಡು ಸೌಟು ಗ್ರೇವಿ ತೆಗೆದು ಒಲೆಯಲ್ಲಿ ಅರ್ಧಕ್ಕೆ ಇಳಿಸಿ ಮತ್ತೆ ಸೇರಿಸುವುದು, ರುಚಿಯೂ ಗಟ್ಟಿಯಾಗುತ್ತದೆ. ಸ್ಟಾಕಿನಲ್ಲಿ ಉಪ್ಪಿರುವುದರಿಂದ ಕೊನೆಯ ಉಪ್ಪು ಇದಾದ ಮೇಲೆಯೇ.

ಡಂಪ್ಲಿಂಗ್ (ಗ್ರೇವಿಯ ಮೇಲೆ ಬೇಯುವ ಹಿಟ್ಟಿನ ಉಂಡೆ) ಬೇಕೆಂದರೆ 150 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಬೆರೆತ ಮೈದಾ), 75 ಗ್ರಾಂ ಸೂಯೆಟ್ (ದನದ ಗಟ್ಟಿ ಕೊಬ್ಬು), ಅರ್ಧ ಟೀ ಚಮಚ ಉಪ್ಪು, ಸುಮಾರು 100 ಮಿಲಿ ತಣ್ಣೀರು. ನಾದಬೇಡಿ, ನಾದಿದಷ್ಟೂ ಗಡುಸು. ಕುಕ್ಕರನ್ನು ಹೈಗೆ ತಿರುಗಿಸಿ, ಅಂಚಿನಲ್ಲಿ ಗುಳ್ಳೆ ಏಳತೊಡಗಿದ ಮೇಲೆ ನಿಂಬೆ ಗಾತ್ರದ ಉಂಡೆಗಳನ್ನು ಗ್ರೇವಿಯ ಮೇಲಿಟ್ಟು 45 ನಿಮಿಷ ಮುಚ್ಚಿಡಿ. ಒಂದನ್ನು ಮುರಿದು ನೋಡಿ: ಒಳಗೆ ಬ್ರೆಡ್ಡಿನಂತೆ ಅರಳಿರಬೇಕು, ನಡುವೆ ಹಸಿ ಹಿಟ್ಟಿನ ಗೆರೆ ಕಂಡರೆ ಇನ್ನೂ 15 ನಿಮಿಷ.